ಸಾವಿನ ಮನೆಯಿಂದ ಬಂದ ಬುತ್ತಿ

ಹೇಸ್, ಲಂಡನ್
ಮಂಗಳವಾರ

ತಂಗಿ ಐರೀನ್ ಸಾಲಿನ್ಸ್ ಅವರಿಗೆ, ರುದ್ರೇಶನ ತಾಯಿ ನೀಲಗಂಗವ್ವ ಮಾಡುವ ಶರಣು.

ನಮ್ಮ ಧಾರವಾಡದ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ; ನೆರೆಯವರು ಬುತ್ತಿ ಒಯ್ಯುತ್ತಾರೆ. ನನ್ನ ಮಗನ ವ್ಯಾನ್ ಬಡಿದು, ನಿಮ್ಮ ಕಣ್ಣೆದುರೇ ನಿಮ್ಮ ಯಜಮಾನರು ತೀರಿಕೊಂಡರು. ಆದರೆ ಬುತ್ತಿ ಹಿಡಿದು ಬಂದವರು ನೀವು!

"ನಿಮ್ಮಲ್ಲೂ ಒಲೆ ಹಚ್ಚಲಿಲ್ಲ ಅಂತ ಗೊತ್ತಾಯ್ತು ಅಕ್ಕ. ಮೀನು ಮುಟ್ಟದ ಪಾತ್ರೆಯಲ್ಲೇ ಮಾಡಿದ್ದೇನೆ" ಎಂದಿರಿ. ನೀವು ಕರಾವಳಿಯ ಕಡೆಯವರು; ಅಂಥ ದುಃಖದಲ್ಲೂ ನಮ್ಮ ಆಚಾರ ನಿಮಗೆ ನೆನಪಿತ್ತು.

ಅಪಘಾತದ ದಿನದಿಂದ ಅನ್ನ ಬಿಟ್ಟಿದ್ದ ರುದ್ರೇಶ, "ಇದನ್ನ ನಾ ಹೆಂಗ ಉಣ್ಣಲ್ರೀ?" ಎಂದ. ನೀವು ಅವನ ತಲೆಯ ಮೇಲೆ ಕೈಯಿಟ್ಟು, "ಊಟ ಮಾಡು ಮಗಾ. ಪ್ರಾರ್ಥನೆಯಲ್ಲಿ ನಿನ್ನ ಹೆಸರೂ ಹೇಳ್ತೇನೆ" ಎಂದಿರಿ. ಅವನು ಉಂಡ.

ಕೊರಳ ಶಿಲುಬೆ, ಭಾನುವಾರದ ಚರ್ಚು, ಇವೇ ಕ್ರೈಸ್ತರ ಗುರುತು ಎಂದುಕೊಂಡಿದ್ದೆ. ನನ್ನ ಹಣೆಯ ವಿಭೂತಿ ನೋಡಿ ಜನ ನನ್ನನ್ನೂ ಹಾಗೆಯೇ ಅಳೆಯುತ್ತಾರೆ. ಅಂದು ನಿಮ್ಮ ಕೊರಳು ಬರಿದಾಗಿತ್ತು. ಆದರೂ ನಿಮ್ಮ ಯೇಸುಸ್ವಾಮಿಯೇ ನನ್ನ ಅಡುಗೆಮನೆಯಲ್ಲಿ ನಿಂತು ಹೋದಂತಾಯಿತು.

ಕನಿಕರ ಬೇಡಲು ಬರೆದ ಪತ್ರವಲ್ಲ ಇದು. ರುದ್ರೇಶನ ಕೇಸು ಕೋರ್ಟಿಗೆ ಬಂದಾಗ, ನೀವು ಕಂಡದ್ದನ್ನು ಕಂಡಂತೆಯೇ ಹೇಳಿರಿ.

ಡಬ್ಬಿಯನ್ನು ಬರಿದಾಗಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ. ಭಾನುವಾರ ಚರ್ಚು ಮುಗಿದ ಮೇಲೆ ಜೋಳದ ರೊಟ್ಟಿ ತರುತ್ತೇನೆ. ಈ ದೇಶಕ್ಕೆ ಬಂದಾಗಿನಿಂದ ಪರರ ಮನೆಯಲ್ಲಿ ನಾನು ನೀರೂ ಮುಟ್ಟಿಲ್ಲ. ನಿಮ್ಮಲ್ಲಿ ಕೂತು ಉಣ್ಣುತ್ತೇನೆ. ಊಟಕ್ಕೆ ಮೊದಲು ನೀವು ಮಾಡುವ ಪ್ರಾರ್ಥನೆಯಲ್ಲಿ ನನ್ನ ಹೆಸರೂ ಇರಲಿ.

ನಿಮ್ಮ ಅಕ್ಕ,
ನೀಲಗಂಗವ್ವ