ಶೆಡ್‌ನವರ ಕೆಲಸ

ಮನೆ, ಹಾಲ್‌ನ ಕಿಟಕಿ ಪಕ್ಕ
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನೆ ಸಂಜೆ ಅಪ್ಪ ನಿನ್ನ ಹೊಲಿಗೆ ಮೇಜಿನ ಮೇಲಿದ್ದ ಆಟಿಕೆ ರೈಲಿನ ಹಳಿಗಳನ್ನೆಲ್ಲ ಬಿಚ್ಚಿದರು. ಸುದ್ದಿ ಕೊಟ್ಟವಳು ನಿನ್ನ ಸೊಸೆ. "ಮಾವ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತಿದ್ದಾರೆ, ಬೇಗ ಬನ್ನಿ" ಎಂದು ಕಚೇರಿಗೆ ಫೋನ್ ಮಾಡಿದಳು. ನಾನು ಬರುವಷ್ಟರಲ್ಲಿ ಮೇಜು ಖಾಲಿ. ಇಪ್ಪತ್ತೆರಡು ಸ್ಕ್ರೂ ಇದ್ದವು. ಅಷ್ಟೂ ತೂತುಗಳಿಗೆ ಮರದ ಪುಡಿ, ಅಂಟು ಕಲಸಿ ತುಂಬಿ, ಉಜ್ಜಿ ನುಣ್ಣಗೆ ಮಾಡಿದ್ದಾರೆ. ಬಟ್ಟೆ ಸಿಕ್ಕಿಕೊಳ್ಳುವುದಿಲ್ಲ, ನನ್ನ ಕರವಸ್ತ್ರ ಎಳೆದು ನೋಡಿದ್ದೇನೆ.

ನಿನ್ನ ಮಂಡಿನೋವು ಹೇಗಿದೆ? ಚಿಕ್ಕಮ್ಮನ ಮನೆಯ ಮೆಟ್ಟಿಲುಗಳನ್ನು ದಿನಕ್ಕೆ ಎಷ್ಟು ಸಲ ಹತ್ತುತ್ತೀಯೋ ಗೊತ್ತಿಲ್ಲ. ಫೋನಿನಲ್ಲಿ ಕೇಳೋಣವೆಂದರೆ, ಅಪ್ಪನ ಹೆಸರೆತ್ತಿದ ಕೂಡಲೇ "ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣೋ" ಎಂದು ಇಟ್ಟುಬಿಡುತ್ತೀ. ಏಳು ವಾರದಿಂದ ಅದೇ ಹಾಲು ಕಾಯುತ್ತಿದೆ. ಅದಕ್ಕೇ ಈ ಕಾಗದ. ನನ್ನ ಕಾಗದ ಓದಿದರೆ ಪೇಪರ್ ಓದಿದ ಹಾಗಿರುತ್ತದೆ ಎಂದು ನೀನು ನಗುತ್ತೀ. ನಗು, ಆದರೆ ಕೊನೆಯವರೆಗೆ ಓದು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಎರಡೂ ಕಡೆಯ ಮಾತು ಒಂದೇ ಹಾಳೆಯಲ್ಲಿರಲಿ. ಮೂವತ್ತೊಂದು ವರ್ಷ ರೈಲು ಓಡಿಸಿ ನಿವೃತ್ತರಾದ ಅಪ್ಪ ಆಟಿಕೆಯಷ್ಟು ಗಾತ್ರದ ಎಂಜಿನ್ ಕೂಡಿಹಾಕಲು ಶುರು ಮಾಡಿದರು. ಜರ್ಮನಿಯ ಉಗಿ ಎಂಜಿನ್, ಇಂಗ್ಲೆಂಡಿನ ಕುಳ್ಳ ಎಂಜಿನ್ ಎಲ್ಲ ಸೇರಿ ಗಾಜಿನ ಕಪಾಟಿನಲ್ಲಿ ಈಗ ಮೂವತ್ತೆಂಟು ಇವೆ. ಆದರೆ ದಿನಾ ಸಂಜೆ ಹಳಿಗೆ ಇಳಿಯುತ್ತಿದ್ದದ್ದು ಒಂದೇ, ಆ ಕಿತ್ತಳೆ ಪಟ್ಟೆಯ ಅಮೆರಿಕದ ಡೀಸೆಲ್ ಎಂಜಿನ್. ಅಪ್ಪ ಕೆಲಸಕ್ಕೆ ಸೇರಿದ ವರ್ಷ ಹಡಗಿನಲ್ಲಿ ಬಂದಿಳಿದ, ಅವರು ಮೊದಲು ಓಡಿಸಿದ ಎಂಜಿನ್ನಿನ ಮಾದರಿ. ಅದು ಉದ್ದ, ಸಣ್ಣ ತಿರುವಿನಲ್ಲಿ ಹಳಿ ತಪ್ಪುತ್ತದೆ. ದೊಡ್ಡ ತಿರುವಿಗೆ ಜಾಗ ಸಾಲದೆ, ನೀನು ಯೂನಿಫಾರಂ ಬಟ್ಟೆ ತರಲು ಹೋಗಿದ್ದಾಗ, ನಿನ್ನ ಹೊಲಿಗೆ ಮೆಷಿನ್ನನ್ನು ಬಾಗಿಲ ಹಿಂದೆ ಇಟ್ಟು ಮೇಜಿನ ಮೇಲೆ ಹಳಿ ಹೊಡೆದರು. "ಮೆಷಿನ್ ಎಲ್ಲಿಟ್ರೂ ಮೆಷಿನ್ನೇ ತಾನೆ" ಅಂದರು. ನೀನು ಟ್ಯಾಕ್ಸಿ ಕರೆಸಿ, ಮೆಷಿನ್ ಸಮೇತ ಚಿಕ್ಕಮ್ಮನ ಮನೆಗೆ ಹೊರಟೆ. "ನಾಲ್ಕು ದಿನ ಮುನಿಸು, ಬರ್ತಾಳೆ ಬಿಡು" ಎಂದು ಅಪ್ಪ ಪೇಪರ್ ಮಡಚಿದರು.

ಹೊಸದು ಇಲ್ಲಿಂದ. ಹೋದ ಗುರುವಾರ ಆ ಎಂಜಿನ್ ಕಿರ್ರೆಂದು ಸದ್ದು ಮಾಡಿ ನಿಂತಿತು. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದದ್ದು ನಿನಗೆ ಬಾಯಿಪಾಠ: "ಅಮೆರಿಕದ್ದು ಸ್ವಾಮಿ, ಒಂದು ಹನಿ ಎಣ್ಣೆ ಕೇಳಿಲ್ಲ ಇವತ್ತಿನವರೆಗೆ." ಶನಿವಾರ ಇಬ್ಬರೂ ಅದನ್ನು ಗಡಿಯಾರ ರಿಪೇರಿಯವನ ಹತ್ತಿರ ಒಯ್ದೆವು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಹೊಟ್ಟೆ ಬಿಚ್ಚಿ, ಬಹಳ ಹೊತ್ತು ನೋಡಿದ. ಚಿಮಟದಿಂದ ಗಾಲಿಯ ಸಂದಿಯೊಳಗಿನಿಂದ ಒಂದು ಗೇಣುದ್ದದ ಎಳೆ ಎಳೆದ. ನೀನು ಯೂನಿಫಾರಂ ಹೊಲಿಯುವ ನೀಲಿ ದಾರ.

"ಯಾರೋ ತಪ್ಪದೆ ಎಣ್ಣೆ ಹಾಕ್ತಾ ಇದ್ರು ಸಾರ್. ಹೊಲಿಗೆ ಮೆಷಿನ್ ಎಣ್ಣೆ, ಸೂಜಿ ತುದಿಯಲ್ಲಿ ಹನಿಹನಿಯಾಗಿ. ಒಳ್ಳೆ ಕೈ. ಎರಡು ತಿಂಗಳಿಂದ ಯಾಕೋ ನಿಲ್ಲಿಸಿಬಿಟ್ಟಿದ್ದಾರೆ" ಅಂದ.

ಅಪ್ಪ ದಾರವನ್ನು ಅಂಗೈಯಲ್ಲಿಟ್ಟುಕೊಂಡು ನಿಂತರು. ನನಗೆ ಆಗ ನೆನಪಾಯಿತು. ಭಾನುವಾರ ನೀನು ಮೆಷಿನ್ನಿಗೆ ಎಣ್ಣೆ ಹಾಕುವಾಗ ಆ ಎಂಜಿನ್ ನಿನ್ನ ಮಡಿಲಿನಲ್ಲಿ ಅಂಗಾತ ಮಲಗಿರುತ್ತಿತ್ತು. ಧೂಳು ಒರೆಸುತ್ತಿದ್ದೀ ಎಂದುಕೊಂಡಿದ್ದೆ. ಗಡಿಯಾರದವನು ತನ್ನ ಎಣ್ಣೆ ಬಾಟಲಿ ತೆಗೆದ. ಅಪ್ಪ ಎಂಜಿನ್ನಿನ ಮೇಲೆ ಕೈ ಅಡ್ಡ ಇಟ್ಟು, "ಬೇಡ, ಮುಚ್ಚಿಕೊಡಿ" ಅಂದರು.

ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತಾಡಿದರು. "ಡ್ಯೂಟಿಗೆ ಹೋದಾಗ ಎಂಜಿನ್ ರೆಡಿ ಇರ್ತಿತ್ತು ಕಣೋ. ಎಣ್ಣೆ, ನೀರು, ಗಾಲಿ ಜಾರದ ಹಾಗೆ ಹಳಿಗೆ ಬಿಡೋ ಮರಳು ಎಲ್ಲ ಶೆಡ್‌ನವರ ಕೆಲಸ. ನಾವು ಹತ್ತೋದು, ಸಹಿ ಹಾಕೋದು, ಹೊರಡೋದು. ಶೆಡ್‌ನಲ್ಲಿ ಯಾರಿದ್ದಾರೆ ಅಂತ ಮೂವತ್ತೊಂದು ವರ್ಷ ಒಂದು ಸಲಾನೂ ಇಣುಕಿ ನೋಡ್ಲಿಲ್ಲ." ಆಮೇಲೆ ಕರವಸ್ತ್ರದಿಂದ ಮೂಗು ಒರೆಸಿಕೊಂಡು, ರಸ್ತೆಯ ಧೂಳನ್ನು ಬೈದರು. ರಸ್ತೆಯಲ್ಲಿ ಧೂಳಿರಲಿಲ್ಲ.

ಅವರ ಪರ ವಕಾಲತ್ತು ಮಾಡುತ್ತಿಲ್ಲ. ಮೇಜು ಬಿಟ್ಟುಕೊಟ್ಟ ಮಾತ್ರಕ್ಕೆ ನೀನು ಬರಲೇಬೇಕೆಂದೂ ಇಲ್ಲ. ಅಲ್ಲಿ ನಿನಗೆ ಹೊಲಿಗೆ ಕೆಲಸ ಚೆನ್ನಾಗಿ ಸಿಗುತ್ತಿದೆ ಎಂದು ಚಿಕ್ಕಮ್ಮ ಹೇಳಿದರು. ಕಿಟಕಿ ಬೆಳಕೂ ಇದೆಯಂತೆ. ಇಲ್ಲಿಯ ಕಿಟಕಿಗೆ ಅಡ್ಡವಿದ್ದ ಗಾಜಿನ ಕಪಾಟನ್ನು ಅಪ್ಪ ಇವತ್ತು ಬೆಳಿಗ್ಗೆ ಪಕ್ಕಕ್ಕೆ ಸರಿಸಿದ್ದಾರೆ, ಅದನ್ನೂ ತಿಳಿಸಬೇಕಲ್ಲ. ಸರಿಸುವಾಗ ಸಹಾಯಕ್ಕೆ ಹೋದ ನನಗೆ "ನೀನು ಸುಮ್ನಿರು" ಎಂದು ಗದರಿದರು. ಸೊಂಟಕ್ಕೆ ಈಗ ಮುಲಾಮು ಹಚ್ಚಿಕೊಂಡು ಮಲಗಿದ್ದಾರೆ.

ಮಾತ್ರೆ ಬಿಡಬೇಡ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ಇಷ್ಟು ದಿನ ನಿನ್ನನ್ನು ನೋಡಿಕೊಂಡದ್ದಕ್ಕೆ ನಿನ್ನ ಸೊಸೆಯದೂ ಒಂದು. ನಿನ್ನ ಆಶೀರ್ವಾದ ನಮ್ಮ ಮೇಲಿರಲಿ.

ನಿನ್ನ
ದೊಡ್ಡ ಮಗ

ಮರೆತದ್ದು: ಹೇಳಬೇಡ ಎಂದಿದ್ದರು, ಹೇಳುತ್ತಿದ್ದೇನೆ. ಅಪ್ಪ ಸಾಲಿನಲ್ಲಿ ನಿಂತು ಚಿಕ್ಕಮ್ಮನ ಊರಿಗೆ ರೈಲು ಟಿಕೆಟ್ ತಂದಿದ್ದಾರೆ, ಹೋಗುವುದಕ್ಕೆ ಮಾತ್ರ. ವಾಪಸ್ ಯಾವಾಗ, ಎಷ್ಟು ಟಿಕೆಟ್ ಎಂಬುದನ್ನು ನಿನ್ನನ್ನು ಕೇಳಿ ತೆಗೆಯುತ್ತಾರಂತೆ. ಎಂಜಿನ್ನನ್ನು ಟವೆಲ್‌ನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದಾರೆ. ಎಣ್ಣೆ ಹಾಕಿಸಿಲ್ಲ. ಗಾಡಿ ಶನಿವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಅಲ್ಲಿನ ಎರಡನೇ ಪ್ಲಾಟ್‌ಫಾರಂಗೆ ಬರುತ್ತದೆ.