ಟ್ಯಾಂಕಿನ ಕೆಳಗೆ ನಿಲ್ಲಿಸಿದ ಕಾರು

ನನ್ನ ಮಗಳ ಪಾಲಿಶ್ ಆಂಟಿಗೆ,

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಬಿಟ್ಟುಹೋದ ಗಂಡನ ಈಗಿನ ಹೆಂಡತಿಗೆ ನಮ್ಮ ಭಾಷೆಯಲ್ಲಿ ಸಂಬಂಧವಾಚಕ ಪದವೇ ಇದ್ದಂತಿಲ್ಲ. ಕೊನೆಗೆ ಮಗಳು ಇಟ್ಟ ಹೆಸರನ್ನೇ ಎರವಲು ತೆಗೆದುಕೊಂಡೆ.

ಕಳೆದ ಭಾನುವಾರ ನೀವು ಕಾರುಗಳಿಗೆ ಪಾಲಿಶ್ ಮಾಡುವ ಶೆಡ್ಡಿನಲ್ಲಿ ನೀವು ಅವಳೆದುರು ಒಂದು ಸುಳ್ಳು ಹೇಳಿದಿರಿ. ಒರಟು ಎಷ್ಟಿದೆಯೆಂದು ತಿಳಿಯಲು ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟು ನನ್ನ ಕಾರಿನ ಬಾನೆಟ್ ಮೇಲೆ ಅಂಗೈ ಸವರಿದಿರಿ. ಆಮೇಲೆ ದೀಪ ಹಿಡಿದು ಬಗ್ಗಿ ನೋಡಿದಿರಿ. ಕಲೆಗಳು ಬಾನೆಟ್ಟಿನ ಎಡಭಾಗದಲ್ಲಿ ಮಾತ್ರ ಇದ್ದವು, ಒಂದೇ ಸಾಲಿನಲ್ಲಿ, ಒಂದರ ಮೇಲೊಂದು ಬಳೆ ಜೋಡಿಸಿಟ್ಟ ಹಾಗೆ. ನೀವು ತಲೆಯೆತ್ತಿ ನನ್ನ ಮುಖ ನೋಡಿದಿರಿ. ಒಂದೇ ಕ್ಷಣ. ನಂತರ ಅವಳ ಕಡೆ ತಿರುಗಿ, "ನಿಮ್ಮ ಕಡೆ ನೀರು ತುಂಬಾ ಗಡಸು ಅನ್ಸುತ್ತೆ ಕಣೇ" ಅಂದಿರಿ. ಅವಳು ಕೂಡಲೇ, "ಹೌದು ಆಂಟಿ, ಬಾತ್‌ರೂಮಿನ ನಲ್ಲಿ ಕೂಡ ಬೆಳ್ಳಗಾಗಿಬಿಟ್ಟಿದೆ" ಅಂದಳು. ಅಲ್ಲಿಗೆ ನಾನು ಪಾರಾದೆ.

ನೀರು ಗಡಸು ಎನ್ನುವುದು ನಿಜ. ಆದರೆ ಕೇವಲ ಗಡಸು ನೀರು ಹಾಗೆ ಒಂದೇ ಜಾಗದಲ್ಲಿ ವಾರಗಟ್ಟಲೆ ಬೀಳುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ನನಗಂತೂ ಗೊತ್ತೇ ಇತ್ತು. ಕಾರನ್ನು ಅಲ್ಲಿ ನಿಲ್ಲಿಸುತ್ತಿದ್ದವಳು ನಾನು.

ಮೊದಲೇ ಹೇಳಿಬಿಡುತ್ತೇನೆ, ಅವಳ ಅಪ್ಪನನ್ನು ನೀವು ಮದುವೆಯಾದಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಮನೆಯಲ್ಲಿ ಜಾಗ ಸಾಲದೆ ಕೊಟ್ಟುಬಿಟ್ಟ ಸೋಫಾ ಯಾರದೋ ಮನೆಯಲ್ಲಿ ಚೆನ್ನಾಗಿಯೇ ಇದೆ ಎಂದು ಕೇಳಿದಷ್ಟೇ ಆಯಿತು. ಬೆಂಕಿ ಬಿದ್ದದ್ದು ಎರಡು ವರ್ಷದ ನಂತರ. ವಾರ ಬಿಟ್ಟು ವಾರ, ಭಾನುವಾರದಂದು ಅಪ್ಪನ ಮನೆಗೆ ಮುಖ ಸಿಂಡರಿಸಿಕೊಂಡು ಹೋಗುತ್ತಿದ್ದ ಹುಡುಗಿ, ಒಂದು ಸಂಜೆ ಉಗುರಿನ ಸಂದಿಯಲ್ಲಿ ಮೇಣ ಮೆತ್ತಿಕೊಂಡು ನಗುನಗುತ್ತಾ ಬಂದಳು. "ಅಮ್ಮಾ, ಇವತ್ತು ಒಂದು ಇಡೀ ಬಾಗಿಲು ನಾನೇ ಪಾಲಿಶ್ ಮಾಡ್ದೆ. ನೀರು ಹಾಕಿದ್ರೆ ಮುತ್ತು ಮುತ್ತಾಗಿ ಉರುಳಿಹೋಗುತ್ತೆ, ಗೊತ್ತಾ?" ನಾನು ಹತ್ತು ವರ್ಷ ಪಾಠ ಹೇಳಿಕೊಟ್ಟಿದ್ದೇನೆ, ಸೈಕಲ್ ಕಲಿಸಿದ್ದೇನೆ, ಜ್ವರದಲ್ಲಿ ಪಕ್ಕ ಕೂತಿದ್ದೇನೆ. ಯಾವ ದಿನವೂ ಅವಳ ಮುಖದಲ್ಲಿ ಆ ಹೊಳಪು ಬರಲಿಲ್ಲ. ಅಥವಾ ಬಂದಿತ್ತೋ ಏನೋ, ಬೇರೆಯವರ ಕೈಯಲ್ಲಿ ನೋಡಿದಾಗಷ್ಟೇ ಅದು ನನ್ನ ಕಣ್ಣಿಗೆ ಬಿತ್ತೋ.

ಟ್ಯಾಂಕಿನ ಕಥೆ ಆಕಸ್ಮಿಕವಾಗಿ ಶುರುವಾಯಿತು. ನಮ್ಮ ಕಟ್ಟಡದ ಹಿಂದೆ, ಮೇಲಿನ ಟ್ಯಾಂಕು ತುಂಬಿ ನೀರು ತೊಟ್ಟಿಕ್ಕುವ ಮೂಲೆಯಲ್ಲಿ ಯಾರೂ ಗಾಡಿ ನಿಲ್ಲಿಸುವುದಿಲ್ಲ. ಒಂದು ಶುಕ್ರವಾರ ಬೇರೆ ಜಾಗವಿಲ್ಲದೆ ಅಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಆ ಒದ್ದೆ ಕಾರನ್ನೇ ಓಡಿಸಿಕೊಂಡು ನಾನು ಕೆಲಸ ಮಾಡುವ ಕಣ್ಣಿನ ಕ್ಲಿನಿಕ್ಕಿಗೆ ಹೋದೆ. ದಿನವಿಡೀ ಅದು ಅಂಗಳದ ಬಿಸಿಲಿನಲ್ಲಿ ಒಣಗಿತು. ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಹೊರಟು ನಿಂತ ಮಗಳು ಕಡು ನೀಲಿ ಬಾನೆಟ್ ಮೇಲಿನ ಬಿಳಿ ಉಂಗುರಗಳನ್ನು ನೋಡಿ ಹೌಹಾರಿದಳು. "ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡ್ತೀಯಾ, ನಿನ್ನ ಕಾರಿನ ಕಲೆ ನಿನಗೆ ಕಾಣಲ್ವಾ?" ಎಂದು ರೇಗಿಸಿದಳು. ಆಮೇಲೆ ಅಪ್ಪನಿಗೆ ಫೋನ್ ಮಾಡಿ, "ಇವತ್ತು ಬರಲ್ಲ, ಅಮ್ಮನ ಕಾರಿಗೆ ಎಮರ್ಜೆನ್ಸಿ" ಅಂದಳು.

ಆ ಬೆಳಗನ್ನು ನಿಮಗೆ ಹೇಗೆ ಹೇಳಲಿ? ಕಾರನ್ನು ನೆರಳಿಗೆ ತಂದೆವು. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಪಾತ್ರೆ ತೊಳೆಯುವ ಸೋಪನ್ನು ನಾನು ತಂದಾಗ ಕೈಯಿಂದ ಕಿತ್ತುಕೊಂಡಳು, ಅದು ಮೇಣದ ಪದರವನ್ನೆಲ್ಲ ತೆಗೆದುಬಿಡುತ್ತದಂತೆ. ಅಡುಗೆಮನೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಹಾಸಿದಳು. ನಾನು ಉಜ್ಜಲು ಹೋದೆ. "ಉಜ್ಜಬೇಡಮ್ಮ, ಸುಮ್ನೆ ಒತ್ತಿ ಹಿಡಿ. ಎರಡು ನಿಮಿಷ. ಕಲೆ ತಾನಾಗೇ ಕರಗಬೇಕು ಅಂತಾರೆ ಆಂಟಿ." ಎರಡು ನಿಮಿಷ ನಮ್ಮಿಬ್ಬರ ಕೈಗಳು ಒಂದೇ ಬಟ್ಟೆಯ ಮೇಲಿದ್ದವು. ತೊಳೆದು ಒರೆಸಿದಾಗ ಕಲೆ ಮಾಯ. ಮೇಲಿಂದ ತೆಳ್ಳಗೆ ಮೇಣ ಹಚ್ಚಿದೆವು, ಅದು ಮಬ್ಬಾಗಿ ಒಣಗುವವರೆಗೆ ಮೆಟ್ಟಿಲ ಮೇಲೆ ಕೂತು ಸುಮ್ಮನೆ ಹರಟಿದೆವು. ಕಾಲೇಜಿನ ವಿಷಯ, ಗೆಳತಿಯ ಜಗಳ, ಏನೆಲ್ಲ ಹೇಳಿದಳು. ಊಟದ ಮೇಜಿನಲ್ಲಿ "ಹೂಂ", "ಊಹೂಂ" ಬಿಟ್ಟು ಬೇರೇನೂ ಹೇಳದ ಹುಡುಗಿ.

ಆದರೆ ಪ್ರತಿ ಮೂರು ಮಾತಿಗೊಮ್ಮೆ "ಆಂಟಿ ಹೇಳ್ತಾರೆ". ನಾನು ಗೆದ್ದ ಭಾನುವಾರದಲ್ಲೂ ನೀವು ಬಂದು ನಡುವೆ ಕೂತಿದ್ದಿರಿ.

ಮುಂದಿನ ಸರದಿ ಬಂದಾಗ ಶುಕ್ರವಾರ ರಾತ್ರಿ ನನ್ನ ಜಾಗ ಖಾಲಿಯೇ ಇತ್ತು. ನಾನು ಟ್ಯಾಂಕಿನ ಕೆಳಗೆ ನಿಲ್ಲಿಸಿದೆ. "ಮೇಡಂ, ಅಲ್ಲಿ ನೀರು ಬೀಳುತ್ತೆ, ಬಣ್ಣ ಹಾಳಾಗುತ್ತೆ" ಎಂದ ಕಾವಲುಗಾರನಿಗೆ, "ಪರವಾಗಿಲ್ಲಪ್ಪ, ಒರೆಸ್ತೀನಿ" ಅಂದೆ. ಒರೆಸಲಿಲ್ಲ. ಹೀಗೆ ನಾಲ್ಕು ಸರದಿ. ಎರಡು ಭಾನುವಾರಗಳ ನಡುವೆಯೂ ಕಾರು ಅಲ್ಲೇ ನಿಂತಿರುತ್ತಿತ್ತು, ಏಕೆಂದರೆ ಒಂದೆರಡು ಕಲೆ ಅವಳಿಗೆ ಅರ್ಧ ಗಂಟೆಯ ಕೆಲಸ, ನನಗೆ ಬೇಕಿದ್ದದ್ದು ಇಡೀ ದಿನ. ಕನ್ನಡಕದ ಗಾಜಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ವಾಪಸ್ ಕಳಿಸುವ ನಾನು, ನನ್ನ ಸ್ವಂತ ಕಾರಿನ ಬಣ್ಣವನ್ನು ಕೈಯಾರೆ ಕೊಲ್ಲುತ್ತಿದ್ದೆ. ಇದನ್ನು ತಾಯಿಯ ಪ್ರೀತಿ ಅಂತ ಹೇಳಿಕೊಳ್ಳಲು ಎಷ್ಟೋ ಸಲ ನೋಡಿದೆ. ಪ್ರೀತಿಯಾಗಿದ್ದರೆ, ಅವಳು ನಿಮ್ಮಲ್ಲಿಗೆ ಹೋಗಲಾರದ ದಿನ ಮುಖ ಸಪ್ಪಗಾಗುವುದನ್ನು ನೋಡಿ ನನಗೇಕೆ ಒಳಗೊಳಗೇ ಹಿತವಾಗುತ್ತಿತ್ತು?

ಕೊನೆಯ ಸಲ ವಿನೆಗರ್ ಕೆಲಸ ಮಾಡಲಿಲ್ಲ. ಕಣಕದಂಥ ಆ ಕ್ಲೇ ಮುದ್ದೆಯಿಂದ ತೀಡಿದಳು, ಅದಕ್ಕೂ ಜಗ್ಗಲಿಲ್ಲ. ಉಗುರು ಆಡಿಸಿ ನೋಡಿ, "ಅಮ್ಮಾ, ಇದು ಕಲೆ ಅಲ್ಲ, ಗುಂಡಿ. ನೀರು ಒಣಗಿ ಒಣಗಿ ಮೇಲಿನ ಪದರಾನೇ ತಿಂದುಬಿಟ್ಟಿದೆ. ಮನೇಲಿ ಆಗಲ್ಲ. ಆಂಟಿ ಮೆಷಿನ್ನೇ ಬೇಕು" ಅಂದಳು. ಯಾರ ಬಾಗಿಲಿಗೆ ಅವಳು ಹೋಗದಿರಲೆಂದು ಇಷ್ಟೆಲ್ಲ ಮಾಡಿದೆನೋ, ಆ ಬಾಗಿಲಿಗೆ ಅವಳ ಜೊತೆ ನಾನೂ ಬಂದು ನಿಂತೆ. ನೀವು ನೋಡಿದಿರಿ, ಅರ್ಥ ಮಾಡಿಕೊಂಡಿರಿ, ಮುಚ್ಚಿಹಾಕಿದಿರಿ. ಬರುವ ಭಾನುವಾರ ತನ್ನಿ, ಅರ್ಧ ದಿನದ ಕೆಲಸ ಅಂದಿರಿ.

ಮನೆಗೆ ಮರಳುವ ದಾರಿಯುದ್ದಕ್ಕೂ ನಿಮ್ಮ ದೊಡ್ಡತನ ನನ್ನನ್ನು ಸುಟ್ಟಿತು. ಬಯ್ದಿದ್ದರೆ ನಿಮ್ಮನ್ನು ದ್ವೇಷಿಸಿ ಹಾಯಾಗಿರುತ್ತಿದ್ದೆ. ಈಗ ನನ್ನ ಮಗಳಿಗೆ ತಿಳಿಯದ ನನ್ನ ಗುಟ್ಟೊಂದು ನಿಮ್ಮ ಕೈಯಲ್ಲಿದೆ, ಅದನ್ನು ನೀವು ಜೋಪಾನವಾಗಿ ಬೇರೆ ಇಟ್ಟುಕೊಳ್ಳುತ್ತೀರಿ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಅದಕ್ಕೇ ಮರುದಿನ ಬೆಳಿಗ್ಗೆ ಅವಳಿಗೆ ಎಲ್ಲ ಹೇಳಿದೆ. ಪ್ರಾಮಾಣಿಕತೆಯೆಂದು ತಿಳಿಯಬೇಡಿ. ಅದೂ ಹೊಟ್ಟೆಕಿಚ್ಚೇ.

ಅವಳು ಚಮಚ ಕೆಳಗಿಟ್ಟಳು. "ನನ್ನ ಭುಜ ನೋಯೋ ಹಾಗೆ ತಿಕ್ಕಿದೀನಿ. ನೀನು ಪಕ್ಕದಲ್ಲೇ ನಿಂತು ಬಟ್ಟೆ ಹಿಂಡಿಕೊಡ್ತಿದ್ದೆ." ಆಮೇಲೆ, "ನನ್ನ ಮೇಲೆ ಸಿಟ್ಟಿದ್ರೆ ನನ್ನ ಹತ್ರ ಹೇಳ್ಬೇಕಿತ್ತಮ್ಮ. ಪಾಪ, ಕಾರು ಏನು ಮಾಡಿತ್ತು?" ಎಂದಳು. ನನಗೆ ನಗು ಬಂದುಬಿಟ್ಟಿತು, ಅವಳಿಗೆ ಬರಲಿಲ್ಲ. ಎರಡು ದಿನ ಮಾತಿಲ್ಲ.

ನಿನ್ನೆ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ರಜೆಯ ಎರಡು ತಿಂಗಳೂ ನಿಮ್ಮಲ್ಲಿದ್ದು ಕೆಲಸ ಕಲಿಯಬೇಕಂತೆ. ತಿಂಗಳಿನಿಂದ ಕೇಳಬೇಕೆಂದಿದ್ದಳಂತೆ. "ಬೇಡ ಅನ್ನೋದಾದ್ರೆ ಬಾಯಿಬಿಟ್ಟು ಬೇಡ ಅನ್ನು. ಆದ್ರೆ ಇನ್ನೊಂದು ಆಟ ಕಟ್ಟಬೇಡ." ನಾನು ಬಾಯಿಬಿಟ್ಟು ಹೇಳಿದೆ: "ಬೇಡ ಅನ್ನೋಕೆ ತುಂಬಾ ಆಸೆ ಇದೆ. ಹೋಗು." ಅವಳು ನನ್ನ ಕೈಯಲ್ಲಿದ್ದ ತಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಕ್ಷಮಿಸಿದಳೋ ಇಲ್ಲವೋ, ನನಗೆ ತಿಳಿಯದು. ಕೇಳುವ ಧೈರ್ಯವಾಗಲಿಲ್ಲ.

ಆದ್ದರಿಂದ ಭಾನುವಾರ ಅವಳೇ ಕಾರು ಓಡಿಸಿಕೊಂಡು ಬರುತ್ತಾಳೆ, ಈ ಪತ್ರವನ್ನೂ ತರುತ್ತಾಳೆ. ನಾನು ಬರುವುದಿಲ್ಲ. ಒಂದು ವಿಷಯ ಮಾತ್ರ ನಿಮಗೆ ತಿಳಿದಿರಬೇಕು. ಕೆಲಸದಲ್ಲಿ ಏನಾದರೂ ತಪ್ಪಾದರೆ ಅವಳು ಅಳುವುದಿಲ್ಲ, ಹೇಳುವುದಿಲ್ಲ, ಮಾತು ನಿಲ್ಲಿಸುತ್ತಾಳೆ. ಆಗ ಏನಾಯಿತೆಂದು ಕೇಳಬೇಡಿ. ಬೆನ್ನು ತಟ್ಟಲೂ ಹೋಗಬೇಡಿ. ನಿಮ್ಮ ಪಾಡಿಗೆ ಏನಾದರೂ ಕೆಲಸ ಮಾಡುತ್ತಾ ಹತ್ತು ನಿಮಿಷ ಪಕ್ಕದಲ್ಲೇ ಇರಿ. ಅವಳೇ ಬಂದು ಹೇಳುತ್ತಾಳೆ. ಇದನ್ನು ಕಂಡುಕೊಳ್ಳಲು ನನಗೆ ಹದಿನೈದು ವರ್ಷ ಹಿಡಿದಿತ್ತು. ಬರೆದ ಮೇಲೆ ಹೊಡೆದುಹಾಕಿಬಿಡೋಣ ಅನ್ನಿಸಿತು, ನೀವೂ ನಿಮ್ಮ ಪಾಲಿನ ಹದಿನೈದು ವರ್ಷ ಒದ್ದಾಡಿ ಅಂತ. ಪೆನ್ನು ಎತ್ತಿ, ಮತ್ತೆ ಕೆಳಗಿಟ್ಟೆ.

ನಿಮಗೆ ಒಳ್ಳೆಯದಾಗಲಿ. ಸ್ವಲ್ಪ ಕಡಿಮೆಯಾದರೂ ನನಗೇನೂ ಬೇಸರವಿಲ್ಲ. ಅವಳಿಗೆ ಮಾತ್ರ ಕೈತುಂಬ ಕೆಲಸ ಬರಲಿ.

ಇಂತಿ,
ಅವಳ ಅಮ್ಮ