ಪೀಪಾಯಿಗೆ ಪ್ರದಕ್ಷಿಣೆ

ಹೊಸಕೋಟೆ
12-12-1973

ಅಮ್ಮನ ಸಮಾನಳಾದ ಅಕ್ಕ ಅನುಸೂಯಮ್ಮನಿಗೆ,

ತಮ್ಮ ಆದಿನಾರಾಯಣ ಮಾಡುವ ನಮಸ್ಕಾರಗಳು. ಭಾವನವರಿಗೂ ತಿಳಿಸು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ತಲೆಯೊಂದನ್ನು ಬಿಟ್ಟು. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಸಂಜೆ ಕಾರ್ಖಾನೆಯ ಬಸ್ಸಿಳಿದರೆ ಸೀದಾ ಕೆರೆ ಏರಿಗೆ ಓಡುತ್ತಿದ್ದೆ. ಪೆನ್ನು ಹಿಡಿಯೋಣವೆಂದರೆ ಕೈಯೆಲ್ಲ ಟಾರು.

ನಗಬೇಡ, ನಾನೊಂದು ದೋಣಿ ಕಟ್ಟಿದೆ. ನಮ್ಮ ಕಾರ್ಖಾನೆಯ ಬೈರಣ್ಣ ಗೊತ್ತಲ್ಲ, ನನ್ನ ಮದುವೆಯಲ್ಲಿ ಬಡಿಸಲು ಬಂದು ನಿನ್ನ ರೇಷ್ಮೆ ಸೀರೆ ಮೇಲೆ ಸಾರು ಚೆಲ್ಲಿದವನು, ಅವನೇ ಇದಕ್ಕೆಲ್ಲ ಗುರು. ನೌಕಾಪಡೆಯಿಂದ ಬಂದ ಯಾರೋ ಆಫೀಸರರ ಹಿಂದೆ ಬಿದ್ದು ಹಾಯಿದೋಣಿ ನಡೆಸುವುದನ್ನು ಕಲಿತುಬಿಟ್ಟಿದ್ದಾನೆ. ಈ ಸಲ ನಮ್ಮ ಕೆರೆ ಕೋಡಿ ಬಿದ್ದದ್ದೇ ತಡ, ಅವನಿಗೆ ಹುಚ್ಚು ಹಿಡಿಯಿತು. ಪ್ಲೈವುಡ್ಡು, ಸರ್ವೆ ಮರದ ಕಂಬ, ಹಳೇ ಟೆಂಟಿನ ಬಟ್ಟೆ ಹೊಲಿದ ಹಾಯಿ. ಮೂರು ದೋಣಿ ಆದವು. ಒಂದು ನನ್ನದು, ಒಂದು ಸೈಕಲ್ ಷಾಪಿನ ಆವಲಪ್ಪನದು. ಮೂರನೆಯದು ಯಾರದು ಅಂದುಕೊಂಡೆ? ನಮ್ಮ ರಾಮಾಂಜಿಯದು.

ಹೌದು ಕಣಕ್ಕಾ, ನಿನ್ನ ಮುದ್ದಿನ ಕಿರಿತಮ್ಮನದೇ. ಅವನ ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲವೆಂದು ನೀನು ಎಷ್ಟು ಸಲ ಬೈದಿಲ್ಲ! ಒಡಹುಟ್ಟಿದ ಅಣ್ಣನನ್ನು ಮನೆಗೆ ಬಂದು ಕುಂಕುಮ ಕೊಟ್ಟು ಕರೆಯದೆ ಟಪಾಲಿನಲ್ಲಿ ಪತ್ರಿಕೆ ಕಳಿಸಿದರೆ ಯಾವ ಮುಖ ಹೊತ್ತು ಹೋಗಲಿ? ಎರಡು ಬೀದಿ ದಾಟುವುದಕ್ಕೆ ಟಪಾಲು! ಅವನದು ಬೇರೆಯೇ ವಾದ. "ಅಣ್ಣನ್ನೂ ಕರೀಬೇಕಾ? ಮುಂದೆ ನಿಂತು ಮಾಡ್ಬೇಕಾದೋನು ಅವ್ನೇ ಅಲ್ವಾ?" ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಅಲ್ಲಿಂದ ಮೂರು ವರ್ಷ ಮಾತಿಲ್ಲ. ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇವೆ, ಅವನು ಮುಂದಿನ ಸೀಟು, ನಾನು ಹಿಂದಿನದು.

ಇದಕ್ಕೆ ಬೈರಣ್ಣ ಒಂದು ಉಪಾಯ ಹೂಡಿದ. ದೋಣಿ ಪಂದ್ಯದಲ್ಲಿ ಸೋತವರು ಹೆಂಡತಿ ಮಕ್ಕಳ ಸಮೇತ ಗೆದ್ದವರ ಮನೆಗೆ ಊಟಕ್ಕೆ ಹೋಗಬೇಕು. "ಕರೆಯೋದೂ ಇಲ್ಲ, ಕರೆಸ್ಕೊಳ್ಳೋದೂ ಇಲ್ಲ. ಸೋತ್ರೆ ಹೋಗ್ಲೇಬೇಕು, ಅಷ್ಟೇ ಗುರು" ಅಂದ. ಯಾರಿಗಾಗಿ ಇದು ಅಂತ ಎಲ್ಲರಿಗೂ ಗೊತ್ತು. ನಾನೂ ಹೂಂ ಅಂದೆ, ಅವನೂ ಹೂಂ ಅಂದನಂತೆ.

ಹೋದ ಭಾನುವಾರ ಪಂದ್ಯ. ನಮ್ಮವಳು ಮುನಿಗಂಗ ಕೋಳಿ ಕೂಗುವ ಮೊದಲೇ ಎದ್ದು ಹಿತಕಿದ ಬೇಳೆ ಸಾರು, ಒಬ್ಬಟ್ಟು, ಎಲ್ಲ ಮಾಡಿಟ್ಟಳು. ಅಲ್ಲಿ ರಾಮಾಂಜಿ ಮನೆಯಲ್ಲಿ ಅವನ ಹೆಂಡತಿ ನರಸಮ್ಮನ ಒಲೆಯೂ ಉರಿಯುತ್ತಿತ್ತೆಂದು ಆವಲಪ್ಪ ಹೇಳಿದ. ಕೆರೆಯ ನಡುವೆ ಒಂದು ಖಾಲಿ ಪೀಪಾಯಿಗೆ ಕಲ್ಲು ಕಟ್ಟಿ ತೇಲಿಬಿಡುವುದು, ಅದನ್ನು ಎಡಗೈಗೆ ಇಟ್ಟುಕೊಂಡು ಸುತ್ತಿ ವಾಪಸು ಬರುವುದು, ಇದು ನಿಯಮ. ಬಲಗೈಗೆ ಇಟ್ಟುಕೊಂಡು ಸುತ್ತಿದರೆ ಆಟದಿಂದ ಹೊರಗೆ. ಆದರೆ ನಮ್ಮ ಹೆಂಗಸರು ಬಿಡಬೇಕಲ್ಲ! ಪೀಪಾಯಿ ನೀರಿಗೆ ಇಳಿಸುವ ಮೊದಲೇ ಅದಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಸುತ್ತಿ, ಕರ್ಪೂರ ಹಚ್ಚಿ ಕೈಮುಗಿದರು. ಸೀಮೆಎಣ್ಣೆ ಪೀಪಾಯಿ ಗಂಗಮ್ಮತಾಯಿ ಆಗಿಹೋಯಿತು.

ಗಾಳಿ ಚೆನ್ನಾಗಿತ್ತು ಅಕ್ಕಾ. ಆವಲಪ್ಪನ ದೋಣಿ ಹೊರಟ ಜಾಗದಲ್ಲೇ ಗಿರಗಿರ ತಿರುಗುತ್ತಿತ್ತು. ನಾನು ಮುಂದೆ, ಎರಡು ಗಾಡಿಯಷ್ಟು ಹಿಂದೆ ರಾಮಾಂಜಿ. ನಮ್ಮ ದೋಣಿಯಲ್ಲಿ ಹಗ್ಗ ಹಿಡಿದು ಕೂತವಳು ಮುನಿಗಂಗ, ಅವನದರಲ್ಲಿ ನರಸಮ್ಮ. ಪೀಪಾಯಿ ಹತ್ತಿರ ಬಂತು ನೋಡು, ಇವಳು ಶುರುಮಾಡಿದಳು. "ಅಯ್ಯಯ್ಯೋ, ಪೂಜೆ ಮಾಡಿರೋ ತಾಯಿಗೆ ಅಪ್ರದಕ್ಷಿಣೆ ಹಾಕ್ತೀರೇನ್ರೀ! ಬಲಕ್ಕಿಟ್ಕೊಳ್ರೀ, ಬಲಕ್ಕೆ!"

ಚುಕ್ಕಾಣಿ ತಿರುಗಿಹೋಯಿತು. ಹಿಂದೆ ರಾಮಾಂಜಿಯದೂ ಹಾಗೇ ತಿರುಗಿತು. ಅಣ್ಣ ತಮ್ಮ ಇಬ್ಬರೂ ಹರಕೆ ಹೊತ್ತವರಂತೆ ಪೀಪಾಯಿಗೆ ಪ್ರದಕ್ಷಿಣೆ ಹಾಕಿದೆವು. ಏರಿಯ ಮೇಲೆ ಒಂದಿಬ್ಬರು ಮುದುಕಿಯರು ಕೈಮುಗಿದರಂತೆ. ಬೈರಣ್ಣ ಟವೆಲ್ಲು ಬೀಸಿ ಬೀಸಿ ಕೂಗುತ್ತಿದ್ದ. "ಲೇ, ಇದು ದೋಣಿ ಪಂದ್ಯ ಕಣ್ರೋ, ದೇವಸ್ಥಾನ ಅಲ್ಲ!"

ಇಬ್ಬರೂ ಹೊರಗೆ. ಎಷ್ಟೋ ಹೊತ್ತಿನ ಮೇಲೆ ಗಾಳಿ ತಳ್ಳಿದ ಕಡೆಗೆ ಸುಮ್ಮನೆ ತೇಲಿಕೊಂಡು, ಸರಿಯಾಗಿ ಎಡಕ್ಕೇ ಇಟ್ಟುಕೊಂಡು ಸುತ್ತಿ ಬಂದ ಆವಲಪ್ಪ ಗೆದ್ದ. ಅವನ ಮನೆಯಲ್ಲಿ ಒಲೆಯೇ ಇಲ್ಲ. "ನಾನೇ ಹೋಟ್ಲಲ್ಲಿ ಉಣ್ಣೋನು, ನಿಮ್ಮನ್ನೆಲ್ಲಿಗಪ್ಪಾ ಕರೀಲಿ?" ಅಂತ ಹಲ್ಲು ಕಿರಿದ. ರಾಮಾಂಜಿ ಒದ್ದೆ ಹಾಯಿಯನ್ನು ಹೆಗಲಿಗೆ ಹಾಕಿಕೊಂಡು ಏರಿ ಇಳಿದು ಹೋದ. ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದು ಮುನಿಗಂಗನ ಮೇಲೆ ಹಾರಾಡಿದೆ. "ನಿನ್ನ ಮಡಿ ಮೈಲಿಗೆಗೆ ಬೆಂಕಿ ಹಾಕ, ನಿನ್ನಿಂದಲೇ ಎಲ್ಲ ಕೆಟ್ಟಿತು" ಅಂದೆ. ಅಂದಿನಿಂದ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಾಳೆ. ಆ ಒಬ್ಬಟ್ಟನ್ನು ಮಾರನೆಯ ದಿನವೂ ನಾವೇ ತಿಂದೆವು. ಇನ್ನೊಂದು ಪಂದ್ಯ ಇಡೋಣವೆಂದರೆ ಬೈರಣ್ಣ ನನಗೇ ಕೈಮುಗಿಯುತ್ತಾನೆ. ಥೂ, ಏನು ಹಣೆಬರಹವೋ.

ಭಾವನವರ ಮಂಡಿನೋವು ಹೇಗಿದೆ, ಬರಿ. ಮಕ್ಕಳಿಗೆ ಈ ಮಾವನ ಆಶೀರ್ವಾದ, ಚೆನ್ನಾಗಿ ಓದಿ ನೂರು ವರ್ಷ ಬಾಳಲಿ. ನಿನ್ನ ಹಾರೈಕೆ ನಮ್ಮ ಮೇಲಿರಲಿ.

ನಿನ್ನ ತಮ್ಮ,
ಆದಿನಾರಾಯಣಪ್ಪ

ವಿ. ಸೂ.: ಅಕ್ಕಾ, ಮುನಿಗಂಗನದು ಏನೂ ತಪ್ಪಿಲ್ಲ. ನಾನು ಬೇಕೆಂತಲೇ ತಿರುಗಿಸಿದೆ. ಪೀಪಾಯಿ ಹತ್ತಿರ ಬಂದಾಗ ಗೆದ್ದೇಬಿಡುತ್ತೇನೆ ಅಂತ ಭಯವಾಯಿತು. ನಾನು ಗೆದ್ದರೆ ಅವನು ಬರುತ್ತಾನಾ? ಅಪ್ಪನ ಹಟ ಅವನದು, ಮನೆಗೆ ಬೀಗ ಹಾಕಿ ಮಾವನ ಊರಿಗೆ ಹೊರಟುಬಿಡುತ್ತಿದ್ದ. ಸೋತರೆ ನಾನಾದರೂ ಹೋಗಬಹುದಲ್ಲ. ತಮ್ಮ ಕಟ್ಟಿದ ಮನೆಯ ಒಳಗೆ ಹೇಗಿದೆಯೋ ನಾನಿನ್ನೂ ಕಂಡಿಲ್ಲ. ಅಷ್ಟರಲ್ಲಿ ಇವಳು ಕೂಗಿದಳು, ಅದೇ ನೆಪವಾಯಿತು.

ಆದರೆ ಅವನು ಯಾಕೆ ತಿರುಗಿಸಿದ? ಬೆಳಿಗ್ಗೆ ಆವಲಪ್ಪನಿಗೆ "ಎಡಕ್ಕೆ, ಎಡಕ್ಕೆ" ಅಂತ ಹೇಳಿಕೊಟ್ಟವನೇ ಅವನು. ನಾನು ಪೀಪಾಯಿಯನ್ನು ಬಲಕ್ಕೆ ಇಟ್ಟುಕೊಂಡಾಗ ನರಸಮ್ಮ ಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ಕೂಗಿದಳು. "ಭಾವಾ, ಅದು ರಾಂಗ್ ಸೈಡು!" ಇವನು "ನೀನು ಸುಮ್ನೆ ಕೂತ್ಕೊಳ್ಳೇ" ಅಂದದ್ದು ನನ್ನ ಕಿವಿಗೇ ಬಿತ್ತು. ಹಾಗಂದವನು ನನ್ನ ಹಿಂದೆಯೇ ಬಂದ.

ಕೇಳೋಣವೆಂದರೆ ನಮ್ಮಿಬ್ಬರಿಗೆ ಮಾತಿಲ್ಲ. ನೀನೊಂದು ಕಾಗದ ಹಾಕಿ ಕೇಳು. ನಾನು ಕೇಳಿದೆ ಅಂತ ಮಾತ್ರ ಹೇಳಬೇಡ.